ಒಂದೇ ಸದ್ದಿನ ಪದಗಳು, ನಾಲ್ಕು ತಾಲ್ಲೂಕು

ಶಿಕ್ಷಣ ಇಲಾಖೆಯಲ್ಲಿ ಇರುವವರು ನಗುವುದಕ್ಕೆಂದು ಟಿಕೆಟ್ ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಇಲಾಖೆಯೇ ಸಂಬಳ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿರುತ್ತದೆ. ಒಂದೇ ಷರತ್ತು, ನಗು ಬಂದಾಗ ನಗುವ ಹಾಗಿಲ್ಲ. ಮುಖ ಗಂಭೀರ ಮಾಡಿಕೊಂಡು "ಯೆಸ್ ಸರ್" ಅನ್ನಬೇಕು. ಹಾಗೆ ಅಂದೂ ಅಂದೂ ಹೊಟ್ಟೆಯಲ್ಲೇ ಉಳಿದುಹೋದ ನಗುವನ್ನು ಈಗ ಇಲ್ಲಿ ಹೊರಗೆ ಹಾಕುತ್ತಿದ್ದೇನೆ.

ನಾನು ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಟೀಚರು. ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದಲ್ಲಿ. ಸ್ಕೂಲು ಪಾವಗಡವನ್ನೂ ದಾಟಿ, ಇನ್ನು ಸ್ವಲ್ಪ ಮುಂದೆ ಹೋದರೆ ಅಂಗಡಿ ಬೋರ್ಡುಗಳೆಲ್ಲ ತೆಲುಗಾಗುವ ಜಾಗದಲ್ಲಿ. ಬೆಳಗಿನ ಮೊದಲ ಬಸ್ಸು ಹತ್ತುವಾಗ ನನ್ನ ಮಗಳು ಮಲಗಿರುತ್ತಾಳೆ. ಸಂಜೆ ಬಸ್ಸಿಳಿದು ಮನೆಗೆ ಬರುವಾಗ ತೂಕಡಿಸುತ್ತಾ ಅವರಪ್ಪನ ಕೈತುತ್ತು ತಿನ್ನುತ್ತಿರುತ್ತಾಳೆ. ನಾಲ್ಕು ವರ್ಷದ ಆ ಮಗುವಿನ ಲೆಕ್ಕದಲ್ಲಿ ನಾನು ಭಾನುವಾರ ಬರುವ ನೆಂಟರ ಪೈಕಿ. ನನಗೆ ಬಡ್ತಿಯ ಆಸೆ ಇರಲಿಲ್ಲ, ಪ್ರಶಸ್ತಿಯ ಆಸೆಯೂ ಇರಲಿಲ್ಲ. ಮಧುಗಿರಿಗೆ ಬಂದುಬಿಡಬೇಕು ಅನ್ನುವುದೊಂದೇ ಆಸೆ.

ಅಂಥ ಹೊತ್ತಿನಲ್ಲಿ ನಮ್ಮ ಸಾಹೇಬರಿಗೆ ಒಂದು ಯೋಚನೆ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಶಾಲೆಗಳು ಅವರ ಕೈಕೆಳಗೆ. ಯಾವುದೋ ಶಾಲೆಗೆ ಭೇಟಿ ಕೊಟ್ಟಾಗ, ಹವಾಮಾನ ಅನ್ನುವ ಅರ್ಥದ 'ವೆದರ್' ಯಾವುದು, ಹೌದೋ ಅಲ್ಲವೋ ಅನ್ನುವ ಅರ್ಥದ 'ವೆದರ್' ಯಾವುದು ಅಂತ ಒಂದು ಮಗುವನ್ನು ಕೇಳಿದರಂತೆ. ಮಗು ಸುಮ್ಮನೆ ನಿಂತಿತು. ಟೀಚರನ್ನು ಕೇಳಿದರು. ಟೀಚರೂ ಮಗುವಿನ ಪಕ್ಕದಲ್ಲಿ ಸುಮ್ಮನೆ ನಿಂತರು. ಸಾಹೇಬರು ತಮ್ಮ ಜೊತೆ ಬಂದಿದ್ದ ಅಧಿಕಾರಿಗಳ ಕಡೆ ತಿರುಗುವಷ್ಟರಲ್ಲಿ ಅವರೆಲ್ಲ ಜೀಪು ಹತ್ತಿ ಕೂತಿದ್ದರಂತೆ.

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ಅಭಿಯಾನ ಘೋಷಿಸಿದರು. ಕೇಳುವುದಕ್ಕೆ ಒಂದೇ ಥರ ಇದ್ದು ಅರ್ಥ ಬೇರೆ ಇರುವ ಇಂಗ್ಲಿಷ್ ಪದಗಳನ್ನು ನಾಲ್ಕೂ ತಾಲ್ಲೂಕಿನ ಟೀಚರುಗಳಿಗೆ ಬಿಡಿಸಿ ಹೇಳಬೇಕು, ಅವರು ಮಕ್ಕಳಿಗೆ ಹೇಳಬೇಕು. "ಯಾರು ಮಾಡ್ತೀರಿ?" ಎಂದಾಗ ಎಲ್ಲರೂ ತಲೆ ಮೇಲಿನ ಫ್ಯಾನ್ ನೋಡತೊಡಗಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಕಡೆ ನೋಡುತ್ತಿದ್ದೆ. ಸಿಕ್ಕಿಬಿದ್ದೆ.

ಮಾಡುವುದಾದರೆ ನನ್ನನ್ನು ಮಧುಗಿರಿಗೆ ಹಾಕಿಸಿಕೊಡಿ ಸರ್ ಅಂತ ಕೇಳಿದೆ. "ನಾಲ್ಕೂ ತಾಲ್ಲೂಕು ಮುಗಿಸಿ ಬನ್ನಿ ಮೇಡಂ. ಆಮೇಲೆ ನಿಮ್ಮನ್ನ ಮಧುಗಿರಿಗೇ ಡೆಪ್ಯುಟೇಷನ್ ಹಾಕ್ಸ್ಕೋತೀನಿ" ಅಂದರು ಸಾಹೇಬರು. ಸಾಯಂಕಾಲ ಮನೆಗೆ ಬಂದವಳೇ ಅರೆನಿದ್ದೆಯಲ್ಲಿದ್ದ ಮಗಳ ಕಿವಿಯಲ್ಲಿ, "ಇನ್ಮೇಲೆ ದಿನಾ ನಾನೇ ನಿಂಗೆ ಜಡೆ ಹಾಕ್ತೀನಿ ಕಣೇ" ಅಂದೆ. ಅವಳು ಕಣ್ಣು ಬಿಡದೆಯೇ, "ಇವತ್ತು ಭಾನುವಾರಾನಾ?" ಅಂದಳು.

ಉದ್ಘಾಟನೆ

ಮೊದಲ ತರಬೇತಿ ಮಧುಗಿರಿಯಲ್ಲೇ. ಬೆಳಗ್ಗೆ ಹತ್ತಕ್ಕೆ ಶುರು ಅಂತ ಹೇಳಿದ್ದರಿಂದ ಜನ ಹನ್ನೊಂದಕ್ಕೆ ಸರಿಯಾಗಿ ಬಂದರು. ನಾಡಗೀತೆ, ರೈತಗೀತೆ, ಪ್ರಾರ್ಥನೆ, ಸ್ವಾಗತ. ಸ್ವಾಗತ ಮಾಡಿದವರು ವೇದಿಕೆ ಮೇಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸ್ವಾಗತಿಸಿದರು. ವೇದಿಕೆ ಮೇಲೆ ಇದ್ದವರೇ ಹೆಚ್ಚು, ಕೆಳಗಿದ್ದವರು ಕಡಿಮೆ. ದೀಪ ಹಚ್ಚುವುದಕ್ಕೆ ಫ್ಯಾನ್ ಆಫ್ ಮಾಡಿದರು. ದೀಪ ಆರಬಾರದೆಂದು ಆಮೇಲೆ ಅದನ್ನು ಆನ್ ಮಾಡಲೇ ಇಲ್ಲ. ಹಾಗಾಗಿ ಇಡೀ ಕಾರ್ಯಕ್ರಮದಲ್ಲಿ ತಣ್ಣಗೆ ಇದ್ದದ್ದು ದೀಪ ಒಂದೇ.

ಮುಖ್ಯ ಅತಿಥಿಗಳು ಇಂಗ್ಲಿಷಿನಲ್ಲಿ ಒಂದೇ ಥರ ಕೇಳಿಸುವ ಪದಗಳ ಅಪಾಯದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಎಷ್ಟು ಎಚ್ಚರಿಕೆಯಿಂದ ಮಾತಾಡಿದರೆಂದರೆ ಒಂದೇ ಒಂದು ಪದವನ್ನೂ ಬಾಯಿಗೆ ತಂದುಕೊಳ್ಳಲಿಲ್ಲ. ಎರಡನೆಯ ಅತಿಥಿಗಳು, ಮೊದಲನೆಯವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ ಅಂತ ಹೇಳಿ, ಅದನ್ನೇ ಮತ್ತೆ ಹೇಳಿದರು. ಮೂರನೆಯವರು ತಮ್ಮ ಕಾಲದಲ್ಲಿ ಶಾಲೆಗೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಅದಕ್ಕೂ ಇಂಗ್ಲಿಷಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಹಿಂದಿನ ಬಾಗಿಲಿನಿಂದ ಪಲಾವಿನ ವಾಸನೆ ಬರತೊಡಗಿತ್ತು.

ಆಗ ಮೈಕು ನನ್ನ ಕೈಗೆ ಬಂತು. "ಊಟಕ್ಕೆ ಮೊದಲು ಚುಟುಕಾಗಿ ಒಂದೆರಡು ಮಾತು ಮೇಡಂ" ಅಂದರು ನಿರೂಪಣೆ ಮಾಡುತ್ತಿದ್ದವರು. ಪೂರ್ತಿ ದಿನಕ್ಕೆ ತಯಾರಿ ಮಾಡಿಕೊಂಡು ಹೋಗಿದ್ದವಳು ಬೋರ್ಡಿನ ಮೇಲೆ ಎರಡು ವೆದರ್ ಬರೆದೆ. ತಿರುಗಿ ನೋಡುವಷ್ಟರಲ್ಲಿ ಅರ್ಧ ಸಭೆ ಎಲೆ ಮುಂದೆ ಇತ್ತು.

ಊಟ ಆದ ಮೇಲೆ ಎಲ್ಲರನ್ನೂ ಮತ್ತೆ ಕೂರಿಸಿದರು. ಪಾಠಕ್ಕಿರಬೇಕೆಂದು ನಾನು ಎದ್ದು ಚಾಕ್‌ಪೀಸ್ ತೆಗೆದುಕೊಂಡೆ. ವಂದನಾರ್ಪಣೆಗೆ ಕೂರಿಸಿದ್ದು. ಅಡುಗೆಯವರಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ ವಂದನೆ ಹೇಳಿದ ಮೇಷ್ಟ್ರು ಕೊನೆಗೆ ನನ್ನ ಕಡೆ ಕೈಮುಗಿದು ಹೇಳಿದರು: "ಕಾರ್ಯಕ್ರಮಕ್ಕೆ ಯಾವುದೇ ಅಡಚಣೆ ಮಾಡದೆ ಸಹಕರಿಸಿದ ಸಂಪನ್ಮೂಲ ವ್ಯಕ್ತಿಗಳಿಗೂ ಹೃತ್ಪೂರ್ವಕ ವಂದನೆಗಳು."

ನಿಮ್ಮ ಜೋಡಿ ಹುಡುಕಿಕೊಳ್ಳಿ

ಮಧುಗಿರಿಯಲ್ಲಿ ಪಾಠ ಕಲಿತವಳು ನಾನೊಬ್ಬಳೇ. ಕೊರಟಗೆರೆಯಲ್ಲಿ ಭಾಷಣಕ್ಕೆ ಅವಕಾಶವೇ ಇಲ್ಲದ ಹಾಗೆ ಚಟುವಟಿಕೆ ಇಟ್ಟುಕೊಂಡೆ. ಒಬ್ಬೊಬ್ಬರ ಎದೆಗೂ ಒಂದೊಂದು ಪದದ ಚೀಟಿ ಪಿನ್ ಮಾಡುವುದು. ಒಂದೇ ಥರ ಕೇಳಿಸುವ ಪದದವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಪಕ್ಕಪಕ್ಕ ನಿಂತು ತಮ್ಮ ಅರ್ಥ ಹೇಳುವುದು. ಶಾಲೆಯ ಪ್ರಿನ್ಸಿಪಾಲರು ತತ್ವವೆನ್ನುವ ಪ್ರಿನ್ಸಿಪಲ್ಲನ್ನು ಹುಡುಕಬೇಕು. ಅದು ಶಾಲೆಗಳಲ್ಲಿ ಕಷ್ಟವೇ, ಆದರೂ ಆವತ್ತು ಅದು ಸುಲಭವಾಗಿ ಸಿಕ್ಕಿತು.

ತೊಂದರೆ ಬಂದದ್ದು ಇಬ್ಬರು ಹಿರಿಯ ಮೇಷ್ಟ್ರುಗಳಿಂದ. ಒಬ್ಬರು ಲೆಕ್ಕದವರು, ಇನ್ನೊಬ್ಬರು ಹಿಂದಿಯವರು. ಒಂದೇ ಶಾಲೆ. ಹೆಡ್‌ಮಾಸ್ಟರ್ ರಜಾ ಹಾಕಿದಾಗ ಇನ್‌ಚಾರ್ಜ್ ಯಾರು ಅನ್ನುವ ವಿಷಯದಲ್ಲಿ ಜಗಳವಾಗಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಲೆಕ್ಕದವರ ಎದೆಯ ಮೇಲೆ ಗಾಡಿ ನಿಲ್ಲಿಸುವ ಬ್ರೇಕ್ ಬಂದಿತ್ತು. ಹಿಂದಿಯವರ ಎದೆಯ ಮೇಲೆ ಒಡೆಯುವ ಬ್ರೇಕ್. ಎಲ್ಲರಿಗೂ ಜೋಡಿ ಸಿಕ್ಕಿತು, ಇವರಿಬ್ಬರು ಮಾತ್ರ ಹಾಲಿನ ಎರಡು ಮೂಲೆಯಲ್ಲಿ ನಿಂತು ಕಿಟಕಿಯಾಚೆ ನೋಡುತ್ತಿದ್ದರು.

"ಸರ್, ನಿಮ್ಮ ಜೋಡಿ ಅಲ್ಲಿದ್ದಾರೆ" ಅಂದೆ ಲೆಕ್ಕದವರಿಗೆ.

"ಗೊತ್ತು ಮೇಡಂ. ನನ್ನ ಚೀಟಿ ಬದಲಾಯಿಸಿ."

"ಬದಲಾಯಿಸಿದ್ರೆ ಜೋಡಿ ಕೂಡಲ್ಲ ಸರ್."

"ಕೂಡದಿದ್ರೆ ಬೇಡ. ಆ ಪದ ಇಲ್ದೇನೇ ಇಷ್ಟು ವರ್ಷ ಸರ್ವೀಸ್ ಮಾಡಿದೀನಿ."

ಹಿಂದಿಯವರ ಹತ್ತಿರ ಹೋದೆ. ಅವರು ಸಮಾಧಾನದ ಮನುಷ್ಯರು. "ನಂದೇನೂ ಅಭ್ಯಂತರ ಇಲ್ಲಮ್ಮ. ಆದ್ರೆ ನಾನು ಅವರಿಗಿಂತ ಮೊದಲು ಡ್ಯೂಟಿಗೆ ಸೇರಿದವನು. ಅವರು ಬಂದು ನನ್ನ ಪಕ್ಕ ನಿಲ್ಲಬೇಕು, ನಾನು ಹೋಗಿ ನಿಲ್ಲೋದಲ್ಲ" ಅಂದರು. ಇದು ಹಾಲಿನ ಆ ಮೂಲೆಗೆ ಕೇಳಿಸಿತು. ಸೇರಿದ ದಿನ ಯಾವುದು, ಬೆಳಗ್ಗೆ ಸೇರಿದ್ದೋ ಮಧ್ಯಾಹ್ನ ಸೇರಿದ್ದೋ ಅಂತ ಚರ್ಚೆ ಶುರುವಾಯಿತು. ಸಭೆ ಎರಡಾಯಿತು. ಕೆಲವರು ಬ್ರೇಕಿನ ಕಡೆ, ಕೆಲವರು ಬ್ರೇಕಿನ ಕಡೆ. ಕೊನೆಗೆ ಶಿಕ್ಷಕರ ಸಂಘದ ಮುಖಂಡರೊಬ್ಬರು ನಡುವೆ ಬಂದು, ಇಬ್ಬರನ್ನೂ ಸಾಲಿನ ಎರಡು ತುದಿಗೆ ನಿಲ್ಲಿಸಿ, ನಡುವೆ ಉಳಿದ ಎಲ್ಲ ಪದಗಳನ್ನೂ ನಿಲ್ಲಿಸಿ ಫೋಟೋ ತೆಗೆಸಿದರು. ಅದೇ ಫೋಟೋ ಮೇಲಕ್ಕೆ ಹೋಯಿತು. ಅದರಲ್ಲಿ ಎಲ್ಲರೂ ನಗುತ್ತಿದ್ದಾರೆ.

ಸಂಜೆ ಅಭಿಪ್ರಾಯ ಬರೆದುಕೊಡಿ ಅಂತ ಹಾಳೆ ಹಂಚಿದೆ. ಯಾರೋ ಒಬ್ಬರು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: "ತರಬೇತಿ ಅತ್ಯುತ್ತಮವಾಗಿತ್ತು. ಮುಂದಿನ ಸಲ ಪದಗಳನ್ನು ಸೇವಾ ಹಿರಿತನದ ಆಧಾರದ ಮೇಲೆ ಹಂಚತಕ್ಕದ್ದು."

ಶಿರಾದ ಫ್ಲೆಕ್ಸು

ಶಿರಾದಲ್ಲಿ ಇನ್ನೊಂದು ದಾರಿ ಹಿಡಿದೆ. ಪ್ರತಿ ಶಾಲೆಗೂ ಒಂದು ಫ್ಲೆಕ್ಸು. ಎಡಗಡೆ ಒಂದು ಪದ, ಬಲಗಡೆ ಅದರ ಜೋಡಿ, ಕೆಳಗೆ ಕನ್ನಡದಲ್ಲಿ ಅರ್ಥ. ಮಕ್ಕಳು ದಿನಾ ನೋಡುತ್ತಾ ನೋಡುತ್ತಾ ಕಲಿತುಬಿಡಲಿ ಅಂತ. ಖರ್ಚಿಗೆ ಇಬ್ಬರು ಮುಖಂಡರು ಮುಂದೆ ಬಂದರು. ಒಬ್ಬರಿಗೆ ದೊಡ್ಡ ಮೀಸೆ, ಇನ್ನೊಬ್ಬರು ಮನೆಯೊಳಗೂ ಕೂಲಿಂಗ್ ಗ್ಲಾಸ್ ತೆಗೆಯದವರು. ಆಗ ಇಬ್ಬರೂ ಒಂದೇ ಬಣದಲ್ಲಿದ್ದರು.

ಫ್ಲೆಕ್ಸ್ ಅಂಗಡಿಯ ಭಾಯ್ ನನ್ನನ್ನು ಕೂರಿಸಿ, ಚಹಾ ತರಿಸಿ, ಕಂಪ್ಯೂಟರಿನಲ್ಲಿ ನಮೂನೆ ತೋರಿಸಿದರು. ಎಡಗಡೆ ಮೀಸೆ. ಬಲಗಡೆ ಕೂಲಿಂಗ್ ಗ್ಲಾಸ್. ಇಬ್ಬರೂ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದಾರೆ. ಮೇಲೆ ಅವರ ನಾಯಕರು, ಆ ನಾಯಕರ ನಾಯಕರು. ಕೆಳಗೆ 'ಶುಭ ಕೋರುವವರು' ಅಂತ ಸಾಲಾಗಿ ಹುಡುಗರ ಮುಖಗಳು.

"ಭಾಯ್, ಪದಗಳು ಎಲ್ಲಿ?" ಅಂದೆ.

ಅವರು ಮೌಸ್ ಹಿಡಿದು ಚಿತ್ರವನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಮುಖಂಡರ ಚಪ್ಪಲಿಯ ಹತ್ತಿರ ಇರುವೆ ಸಾಲಿನಂತೆ ಏನೋ ಕಾಣಿಸಿತು. "ಇದಾವಲ್ಲ ಮೇಡಂ, ಬರಾಬರ್ ಹಾಕಿದೀನಿ."

"ಇದು ಮಕ್ಕಳು ಓದೋಕೆ ಭಾಯ್."

"ಫಿಕರ್ ಮಾಡ್ಬೇಡಿ ಮೇಡಂ. ಪದ ಚಿಕ್ಕದಾದ್ರೆ ಯಾರೂ ಬಂದು ಕೇಳಲ್ಲ. ಫೋಟೋ ಚಿಕ್ಕದಾದ್ರೆ ಅಂಗಡಿ ಮುಂದೆ ಗಲಾಟೆ ಆಗ್ತದೆ. ನಾನು ಈ ಧಂದೆಯಲ್ಲಿ ಸಾಕಷ್ಟು ನೋಡಿದೀನಿ."

ಗೋಗರೆದು, ಎರಡನೇ ಚಹಾ ಕುಡಿದು, ಶುಭ ಕೋರುವವರನ್ನು ಸ್ವಲ್ಪ ಒತ್ತರಿಸಿ ಕೂರಿಸಿ, ಒಂದೊಂದು ಪದವನ್ನು ಅಂಗೈ ಅಗಲಕ್ಕೆ ಮಾಡಿಸಿದೆ. ಫ್ಲೆಕ್ಸು ಶಾಲೆಗಳ ಗೋಡೆ ಸೇರಿತು. ಹದಿನೈದು ದಿನ ಬಿಟ್ಟು ಒಂದು ಶಾಲೆಗೆ ಹೋಗಿ ಪರೀಕ್ಷಿಸಿದರೆ ಆಶ್ಚರ್ಯ, ಮಕ್ಕಳೆಲ್ಲ ಪಟಪಟ ಹೇಳುತ್ತಿದ್ದಾರೆ. "ಹೆಂಗೆ ನೆನಪಿಟ್ಕೊಂಡ್ರಿ?" ಅಂದೆ. ಒಬ್ಬಳು ಹುಡುಗಿ ಎದ್ದು ನಿಂತು, "ಸುಲಭ ಮಿಸ್. ಮಳೆ ಬಿಸಿಲಿನ ವೆದರ್ ಮೀಸೆ ಅಣ್ಣಂದು. ಹೌದೋ ಅಲ್ಲವೋ ವೆದರ್ ಕನ್ನಡಕದ ಅಣ್ಣಂದು" ಅಂದಳು. ಅಲ್ಲಿಗೆ ಒಂದು ಬಗೆಯಲ್ಲಿ ಕಲಿಕೆ ಆಗಿತ್ತು. ನಾನು ಯಾವ ಮುಖಂಡರನ್ನೂ ಅಷ್ಟು ಗೌರವದಿಂದ ನೋಡಿದವಳಲ್ಲ. ಆವತ್ತು ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಆಮೇಲೆ ಏನೋ ಚುನಾವಣೆ ಬಂತು. ಮೀಸೆಯವರೂ ಕೂಲಿಂಗ್ ಗ್ಲಾಸಿನವರೂ ಬೇರೆಯಾದರು. ಕನ್ನಡಕದವರ ಕಡೆಯ ಹುಡುಗರು ಬ್ಲೇಡು ಹಿಡಿದು ಬಂದು, ಎಲ್ಲ ಶಾಲೆಗಳಲ್ಲೂ ತಮ್ಮ ಅಣ್ಣನ ಅರ್ಧವನ್ನು ನೀಟಾಗಿ ಕೊಯ್ದುಕೊಂಡು ಹೋದರು. ಅವರ ಕೆಳಗಿದ್ದ ಪದಗಳೂ ಅವರ ಜೊತೆಗೇ ಪಕ್ಷಾಂತರ ಮಾಡಿದವು. ಒಂದು ಶಾಲೆಯ ಹೆಡ್‌ಮಾಸ್ಟರು ನನಗೆ ಫೋನು ಮಾಡಿದರು. ದೂರು ಹೇಳುತ್ತಾರೆಂದುಕೊಂಡೆ. ಅವರ ದನಿಯಲ್ಲಿ ಎಂಥದೋ ನೆಮ್ಮದಿ ಇತ್ತು.

"ಮೇಡಂ, ನಮ್ಮ ಮಕ್ಕಳಿಗೆ ಈಗ ಗೊಂದಲಾನೇ ಇಲ್ಲ. ಒಂದೊಂದೇ ಪದ ಉಳ್ಕೊಂಡಿದೆ."

ಮನೆಯವರು

ಇಷ್ಟರ ನಡುವೆ ಮಗಳ ಶಿಶುವಿಹಾರದಲ್ಲಿ 'ನನ್ನ ಮನೆಯವರು' ಅಂತ ಚಿತ್ರ ಬರೆಸಿದ್ದರು. ಭಾನುವಾರ ತಂದು ತೋರಿಸಿದಳು. ದುಂಡಗೆ ಹೊಟ್ಟೆ ಇದ್ದದ್ದು ಅಪ್ಪ. ಕೋಲು ಹಿಡಿದದ್ದು ಅಜ್ಜಿ. ಎರಡು ಜಡೆಯವಳು ಅವಳೇ. ಪಕ್ಕದಲ್ಲಿ ಕೆಂಪು ಬಣ್ಣದ ಒಂದು ದೊಡ್ಡ ಬಸ್ಸು.

"ಅಮ್ಮ ಎಲ್ಲೇ?" ಅಂದೆ.

ಅವಳು ಬಸ್ಸಿನ ಮೇಲೆ ಬೆರಳಿಟ್ಟಳು. ಕಿಟಕಿಯಲ್ಲಾದರೂ ಒಂದು ಮುಖ ಇರಬಹುದೇನೋ ಅಂತ ಹುಡುಕಿದೆ. ಇರಲಿಲ್ಲ. ನನ್ನ ಗಂಡ ಇಣುಕಿ ನೋಡಿ, "ಹೋಲಿಕೆ ಚೆನ್ನಾಗಿ ಬಂದಿದೆ" ಅಂದರು. ನನಗೆ ಕೋಪವೂ ಬಂತು, ಅಳುವೂ ಬಂತು. ಇನ್ನೊಂದೇ ತಾಲ್ಲೂಕು ಬಾಕಿ ಇದೆ ಅಂತ ಸಮಾಧಾನ ಮಾಡಿಕೊಂಡೆ.

ದೊಡ್ಡೇರಿಯ ಕಡೆಯ ತೀರ್ಪು

ಪಾವಗಡಕ್ಕೆ ಹೋಗುವ ಮೊದಲು ಸಾಹೇಬರು ಒಂದು ಸಣ್ಣ ಸೇರ್ಪಡೆ ಮಾಡಿದರು. ಪೋಷಕರಿಗೂ ವಿಷಯ ತಿಳಿಯಬೇಕು ಅಂತ. ದೊಡ್ಡೇರಿ ಕಡೆಯ ಒಂದು ಶಾಲೆಯಲ್ಲಿ ಪೋಷಕರ ಸಭೆ. ಊರಿನಲ್ಲಿ ಯಾವ ಜಗಳವಾದರೂ ಪಂಚಾಯ್ತಿ ಮಾಡುವ ಯಜಮಾನರೊಬ್ಬರು ಮುಂದೆ ಕೂತಿದ್ದರು. ಮೊಮ್ಮಗ ಹೈಸ್ಕೂಲಿನಲ್ಲಿದ್ದ. ನಾನು ಹೂವಿನ ಫ್ಲವರ್ ಬರೆದೆ, ಹಿಟ್ಟಿನ ಫ್ಲೋರ್ ಅನ್ನುತ್ತಾರಲ್ಲ, ಅದನ್ನೂ ಬರೆದು, ಇಂಗ್ಲಿಷಿನವರ ಬಾಯಲ್ಲಿ ಎರಡೂ ಒಂದೇ ಸದ್ದು ಅಂದೆ.

ಯಜಮಾನರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು. "ಒಂದೇ ಸದ್ದು ಅಂದ್ಮ್ಯಾಕೆ ಒಂದೇ ಮನೇವು ಅನ್ನಿ."

"ಹಂಗೇ ಅನ್ಕೊಳ್ಳಿ ಯಜಮಾನ್ರೇ."

"ಅಣ್ಣ ತಮ್ಮ. ಇಸ್ಸೆ ಆಗೈತೆ, ಆಸ್ತಿ ಪಾಲಾಗೈತೆ. ಇದ್ರಲ್ಲಿ ಅಣ್ಣ ಯಾವ್ದು?"

ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಎಂ.ಎ.ಯಲ್ಲಿ ಇದನ್ನು ಕೇಳಿರಲಿಲ್ಲ. "ಹೂವೇ ಅಣ್ಣ ಇರಬೇಕು" ಅಂದೆ.

"ಅಲ್ಲ ಕಣಮ್ಮ. ಹಿಟ್ಟೇ ಅಣ್ಣ. ಹಿಟ್ಟಿಲ್ದಂಗೆ ಯಾವ ಮನೆ ನಡೀತದೆ? ಹೂವಾ ಆಮ್ಯಾಕೆ." ಸಭೆಯೆಲ್ಲ ತಲೆ ಆಡಿಸಿತು. "ಸರಿ, ಇಬ್ರೂ ಬ್ಯಾರೆ ಆದ್ರು. ಬ್ಯಾರೆ ಆದ್ಮೇಲೂ ಸದ್ದು ಒಂದೇ ಇಟ್ಕಂಡವ್ರೆ. ಅಲ್ಲೇ ಇರಾದು ಜಗಳ. ಒಬ್ಬ ಸದ್ದು ಬುಟ್ಟುಕೊಡ್ಬೇಕು. ಯಾಕೆ ಬುಡಿಸ್ನಿಲ್ಲ?"

"ಅದು ನಮ್ಮ ಕೈಲಿಲ್ಲ ಯಜಮಾನ್ರೇ. ಇಂಗ್ಲಿಷಿನವರು ಹಂಗೇ ಬಿಟ್ಟಿದಾರೆ."

"ಸರ್ಕಾರ ಯಾವ್ದುನ್ನ ಒಪ್ಕಂಡೈತೆ?"

"ಎರಡನ್ನೂ."

ಯಜಮಾನರು ನನ್ನನ್ನು ಮರುಕದಿಂದ ನೋಡಿದರು. ಆಮೇಲೆ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಂಗಾದ್ರೆ ಇದು ನಿಮ್ಮ ಕಾಲಕ್ಕೆ ಮುಗಿಯಾಕಿಲ್ಲ ಬುಡಿ ಮೇಡಂ. ಮಧುಗಿರಿ ಕೋರ್ಟಾಗೆ ನಮ್ದೂ ಇಂಥದ್ದೇ ಒಂದೈತೆ."

ಮಾ ಮೇಡಂ

ಕೊನೆಗೆ ಪಾವಗಡ, ನನ್ನದೇ ಶಾಲೆ. ಇಲ್ಲಿ ಮಾತ್ರ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್. ಒಂದೇ ವಸ್ತುವಿಗೆ ಎರಡು ಮೂರು ಹೆಸರು ಇಟ್ಟುಕೊಂಡು ಬೆಳೆದವರಿಗೆ, ಒಂದೇ ಸದ್ದಿಗೆ ಎರಡು ಅರ್ಥ ಇಟ್ಟುಕೊಳ್ಳುವುದೇನು ಕಷ್ಟ? ಮಳೆಯನ್ನು ಅವರು ವಾನ ಅನ್ನುತ್ತಾರೆ. ಒಂದು ವೆದರಿಗೆ ವಾನ ಅಂತ ಗುರುತು ಮಾಡಿಸಿದೆ. ಇನ್ನೊಂದಕ್ಕೆ 'ಔನಾ ಕಾದಾ', ಅಂದರೆ ಹೌದೋ ಅಲ್ಲವೋ. ಪ್ರತಿ ಜೋಡಿಗೂ ಹೀಗೇ. ಮಕ್ಕಳು ದಿನಾ ಒಂದೇ ರಾಗದಲ್ಲಿ ಹೇಳಿ ಹೇಳಿ, ಶಾಲೆಯ ಕಾಂಪೌಂಡಿನ ಆಚೆ ಕಡಲೆಕಾಯಿ ಬಿಡಿಸುತ್ತಾ ಕೂರುವ ಹೆಂಗಸರಿಗೂ ಬಾಯಿಪಾಠವಾಯಿತು. ನಾಲ್ಕು ತಾಲ್ಲೂಕಿನಲ್ಲಿ ನಾನು ಸುತ್ತಿ ಸುಣ್ಣವಾಗಿದ್ದಕ್ಕೆ ಇದೊಂದೇ ಫಲ.

ಸಾಹೇಬರು ಮಾತಿಗೆ ತಪ್ಪಲಿಲ್ಲ. ಒಂದು ಸಂಜೆ ವಾಟ್ಸಾಪಿನಲ್ಲಿ ಆದೇಶ ಬಂತು. ನನ್ನನ್ನು ತಕ್ಷಣದಿಂದ ಜಾರಿಗೆ ಬರುವಂತೆ ಮಧುಗಿರಿಗೆ ನಿಯೋಜಿಸಲಾಗಿದೆ. ಬಸ್ಸಿನಲ್ಲೇ ಓದಿದೆ, ಇಳಿಯುವವರೆಗೂ ಓದುತ್ತಲೇ ಇದ್ದೆ. ಮಾರನೆಯ ದಿನಕ್ಕೆ ರಜಾ ಹಾಕಿದೆ. ವಾರದ ನಡುವೆ ಹಗಲು ಹೊತ್ತು ನನ್ನ ಮನೆ ಹೇಗಿರುತ್ತದೆ ಅಂತ ನೋಡಬೇಕಾಗಿತ್ತು.

ಅತ್ತ ಶಾಲೆಯ ಊರಿನಲ್ಲಿ ನಮ್ಮ ಅಟೆಂಡರು ಬೆಳಗ್ಗೆ ಟೀ ಅಂಗಡಿಯಲ್ಲಿ ಸುದ್ದಿ ಹೇಳಿದ: "ಮೇಡಂನ ಎತ್ತಾಕ್ಬುಟ್ರು." ಅವನು ಹೇಳಿದ್ದು ಅಷ್ಟೇ. ನಮ್ಮ ಕಡೆ ಮೇಷ್ಟ್ರುಗಳನ್ನು ತಕ್ಷಣದಿಂದ ಜಾರಿಗೆ ಬರುವಂತೆ ಎತ್ತುವುದು ಒಂದೇ ಕಾರಣಕ್ಕೆ, ಶಿಕ್ಷೆಗೆ. ಇಲಾಖೆ ಮೆಚ್ಚಿದಾಗ ಬರುವ ಕಾಗದಕ್ಕೂ ಮುನಿದಾಗ ಬರುವ ಕಾಗದಕ್ಕೂ ಸದ್ದು ಒಂದೇ. ನಾಲ್ಕು ತಾಲ್ಲೂಕು ತಿರುಗಿ ಎಷ್ಟೋ ಜೋಡಿ ಬಿಡಿಸಿ ಹೇಳಿದ ನಾನು, ಈ ಒಂದು ಜೋಡಿಯನ್ನು ಆ ಊರಿನವರಿಗೆ ಹೇಳಿಕೊಟ್ಟಿರಲಿಲ್ಲ. ಮೇಡಂ ಏನೋ ನಿಜ ಮಾತಾಡಿರಬೇಕು, ಸಾಹೇಬರಿಗೆ ಸಿಟ್ಟು ಬಂದಿರಬೇಕು ಅಂತ ಒಬ್ಬರು ಅಂದರು. ಕಾಪಿ ಹೊಡೆಯಲು ಬಿಡಲಿಲ್ಲವಲ್ಲ, ಅದಕ್ಕೇ ಅಂತ ಇನ್ನೊಬ್ಬರು ಅಂದರು. ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ, ಅಧ್ಯಕ್ಷರು ಎರಡು ಟೆಂಪೋ ಮಾತಾಡಿದರು. ಹೆಂಗಸರು ಕಡಲೆಕಾಯಿ ಬಿಟ್ಟು ಎದ್ದರು. ಹತ್ತನೇ ಕ್ಲಾಸಿನ ಮಕ್ಕಳೂ ಹತ್ತಿದರು.

ನಾನು ಮಧುಗಿರಿಯಲ್ಲಿ ಮಗಳಿಗೆ ಎಣ್ಣೆ ಹಚ್ಚುತ್ತಿದ್ದೆ. ಎರಡು ಬೀದಿ ಆಚೆಗಿರುವ ಸರ್ಕಾರಿ ಆಫೀಸುಗಳ ಕಡೆಯಿಂದ ಘೋಷಣೆ ಕೇಳಿಸಿತು. "ಕಾವಾಲಿ, ಕಾವಾಲಿ" ಅಂತಿತ್ತು. ಅಂದರೆ ತೆಲುಗಿನಲ್ಲಿ ಬೇಕು, ಬೇಕು.

"ಯಾರದು?" ಅಂದರು ನನ್ನ ಗಂಡ.

"ಪಾವಗಡದ ಕಡೆಯವರು. ನೀರಿಗೋ ಬಸ್ಸಿಗೋ ಬಂದಿರ್ತಾರೆ, ಪಾಪ. ಅಷ್ಟು ದೂರದಿಂದ ಬಂದಿದಾರೆ, ಅವರು ಕೇಳಿದ್ದನ್ನ ಕೊಟ್ಟು ಕಳಿಸಬಾರದಾ ಈ ಅಧಿಕಾರಿಗಳು" ಅಂದೆ. ಮನಸ್ಸು ಬಿಚ್ಚಿ ಅಂದೆ.

ಜಡೆ ಅರ್ಧ ಆಗಿತ್ತು, ಸಾಹೇಬರ ಫೋನು ಬಂತು. ದನಿಯಲ್ಲಿ ನೋವಿತ್ತು. "ಏನ್ ಮೇಡಂ, ಬರೋಕೆ ಇಷ್ಟ ಇಲ್ಲ ಅಂದಿದ್ರೆ ನನಗೇ ಹೇಳಬಹುದಿತ್ತು. ಟೆಂಪೋದಲ್ಲಿ ಜನ ಕಳಿಸಬೇಕಾಗಿತ್ತಾ?"

ಎಣ್ಣೆ ಕೈಯಲ್ಲೇ ಮಗಳನ್ನು ಎತ್ತಿಕೊಂಡು ಓಡಿದೆ. ಸಾಹೇಬರ ಆಫೀಸಿನ ಮೆಟ್ಟಿಲ ಮೇಲೆ ನನ್ನ ಶಾಲೆಯ ಊರು "ಮಾ ಮೇಡಂ", ಅಂದರೆ ನಮ್ಮ ಮೇಡಂ, "ಕಾವಾಲಿ" ಅಂತ ಕೂಗುತ್ತಾ ಕೂತಿತ್ತು. ಮೇಡಂ ಎಂಥವರು ಅನ್ನುವುದಕ್ಕೆ ಸಾಕ್ಷಿಯಾಗಿ ಮಕ್ಕಳನ್ನು ಸಾಹೇಬರ ಮುಂದೆ ನಿಲ್ಲಿಸಿದ್ದರು. ಮಕ್ಕಳು ವಾನದ ವೆದರು, ಔನಾ ಕಾದಾ ವೆದರು, ನಿಲ್ಲಿಸುವ ಬ್ರೇಕು, ಒಡೆಯುವ ಬ್ರೇಕು, ಎಲ್ಲವನ್ನೂ ಒಂದೂ ತಪ್ಪಿಲ್ಲದೆ ರಾಗವಾಗಿ ಹೇಳುತ್ತಿದ್ದರು. ಸಾಹೇಬರು ಕಣ್ಣರಳಿಸಿ ಕೇಳುತ್ತಿದ್ದರು. ಇಡೀ ಅಭಿಯಾನದಲ್ಲಿ ಅವರು ಕಂಡ ಮೊದಲ ಸರಿಯುತ್ತರ ಅದು.

"ಇಂಥ ಟೀಚರನ್ನ ಅಲ್ಲಿಂದ ತೆಗೀಬೇಕು ಅಂತಿದ್ನಲ್ಲ ನಾನು" ಅಂದರು ನನ್ನನ್ನು ನೋಡಿ. "ಗಡಿಭಾಗಕ್ಕೆ ನೀವು ಬೇಕು ಮೇಡಂ. ಆದೇಶ ರದ್ದು ಮಾಡಿದೀನಿ."

"ಸರ್, ನಾನೇ ಕೇಳಿದ್ದು. ನಾನೇ ಬರಬೇಕು ಅಂತ ಕೇಳಿದ್ದು" ಅಂದೆ. ಅಷ್ಟು ಗದ್ದಲದಲ್ಲಿ ಅದು ಸಾಹೇಬರನ್ನು ಮುಟ್ಟಲಿಲ್ಲ, ಎಸ್‌ಡಿಎಂಸಿ ಅಧ್ಯಕ್ಷರಿಗೆ ಮಾತ್ರ ಕೇಳಿಸಿತು.

"ನೋಡ್ರಲಾ, ದೊಡ್ಡವ್ರ ಮುಂದೆ ಯಾವ ಥರ ಮಾತಾಡ್ತಾರೆ ನಮ್ ಮೇಡಂ" ಅಂದರು ಅವರು ಜನರ ಕಡೆ ತಿರುಗಿ. "ಸಾಹೇಬ್ರಿಗೆ ಕೆಟ್ಟ ಹೆಸ್ರು ಬರಬಾರ್ದು ಅಂತ ತಪ್ಪೆಲ್ಲ ತಮ್ಮ ಮ್ಯಾಲೇ ಹಾಕ್ಕಂತವ್ರೆ." ಜನ ಚಪ್ಪಾಳೆ ಹೊಡೆದರು. ಇನ್ನೊಂದು ಸಲ ನಿಜ ಹೇಳಿದೆ. ಇನ್ನೂ ಜೋರಾಗಿ ಹೊಡೆದರು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಅರ್ಧ ಜಡೆಯ ಮಗಳಿಗೂ ಒಂದು ಚಿಕ್ಕ ಹಾರ ಹಾಕಿದರು. ಅವಳು ಹಾರ ಮುಟ್ಟಿ ನೋಡಿಕೊಂಡು, ಸುತ್ತ ಇದ್ದ ಜನರನ್ನು ನೋಡಿ, ನನ್ನ ಕಿವಿಯಲ್ಲಿ ಕೇಳಿದಳು: "ಅಮ್ಮಾ, ಇವರೆಲ್ಲ ನಿನ್ನನ್ನ ಕರ್ಕೊಂ‌ಡು ಹೋಗೋಕೆ ಬಂದಿದಾರಾ?"

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ. ಕಣ್ಣೀರು ಧಾರೆಯಾಗಿ ಸುರಿಯಿತು. ಒಡನೆಯೇ ಮೊಬೈಲುಗಳು ಮೇಲೆದ್ದವು. "ಹತ್ರದಿಂದ ತೆಗೀಲಾ, ಆನಂದಬಾಷ್ಪ" ಅಂದರು ಯಾರೋ. ಕಾಂಪೌಂಡಿನ ಆಚೆ ಕಡಲೆಕಾಯಿ ಬಿಡಿಸುವ ಹೆಂಗಸರಲ್ಲೇ ಹಿರಿಯಳಾದ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಸೆರಗಿನಿಂದ ನನ್ನ ಕಣ್ಣೊರೆಸಿ, ಗಲ್ಲ ಹಿಡಿದು, ತಾಯಿಯ ಹಾಗೆ ಧೈರ್ಯ ಹೇಳಿದಳು.

"ಏಡ್ವಾಕಮ್ಮಾ. ಮೇಮು ಉಂಡಂಗಾ ನಿನ್ನು ಇಂಕ ಎಕ್ಕಡಿಕೀ ಪೋನಿಯ್ಯಂ."

ಅಳಬೇಡ ಕಣಮ್ಮ, ನಾವು ಇರೋ ತನಕ ನಿನ್ನನ್ನ ಇನ್ನೆಲ್ಲಿಗೂ ಹೋಗೋಕೆ ಬಿಡಲ್ಲ.